ಗಂಟೆ ಚೆನ್ನಾಗಿದೆ, ಮಾತು ಹೆಚ್ಚಾಯಿತು: ಮಕ್ಕಳ ಕ್ರೈಸ್ತ ಧ್ಯಾನದ ಒಂದು ಆ್ಯಪ್

ಮನೆಯಲ್ಲಿ ಮಕ್ಕಳೊಂದಿಗೆ ಕ್ರೈಸ್ತ ಧ್ಯಾನ ಮಾಡುವುದಕ್ಕೆಂದೇ ರೂಪಿಸಿದ ಮೊಬೈಲ್ ಆ್ಯಪ್ ಒಂದನ್ನು ಒಂದು ವರ್ಷದ ಚಂದಾ ಕಟ್ಟಿ ತೆಗೆದುಕೊಂಡು, ಮೂರು ತಿಂಗಳಿನಿಂದ ಬಳಸುತ್ತಿದ್ದೇವೆ. ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಹೊಗಳಿಕೆಗಿಂತ ದೂರುಗಳೇ ಹೆಚ್ಚಿರುವುದರಿಂದ ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಇದರಲ್ಲಿ ಮುಖ್ಯವಾಗಿ ಕಲಿಸುವುದು ಸಂತ ಬೆನೆಡಿಕ್ಟರ ನಿಯಮದಂತೆ ಬದುಕುವ ಬೆನೆಡಿಕ್ಟೈನ್ ಪಂಥದ ಸನ್ಯಾಸಿ ಜಾನ್ ಮೇನ್ (1926–1982) ಅವರು ಹೇಳಿಕೊಟ್ಟ ವಿಧಾನವನ್ನು. ಬೆನ್ನು ನೇರ ಮಾಡಿ ಅಲುಗಾಡದೆ ಕುಳಿತು, ಕಣ್ಣು ಮುಚ್ಚಿ, ಒಂದೇ ಒಂದು ಪ್ರಾರ್ಥನಾಪದವನ್ನು ಮನಸ್ಸಿನೊಳಗೇ ಹೇಳಿಕೊಳ್ಳುತ್ತಿರಬೇಕು. ಮನಸ್ಸು ಬೇರೆಲ್ಲೋ ಹೋಗಿದೆಯೆಂದು ಗೊತ್ತಾದಾಗ ಬೇಸರಪಟ್ಟುಕೊಳ್ಳದೆ ಆ ಪದಕ್ಕೆ ಮರಳಬೇಕು. ಮೇನ್ ಅವರು 1950ರ ದಶಕದಲ್ಲಿ ಕೌಲಾಲಂಪುರದಲ್ಲಿ ಸ್ವಾಮಿ ಸತ್ಯಾನಂದರಿಂದ ಜಪದ ಮೂಲಕ ಧ್ಯಾನ ಮಾಡುವುದನ್ನು ಕಲಿತವರು. ಅಂಥದೇ ಪ್ರಾರ್ಥನೆ ಆದಿ ಕ್ರೈಸ್ತ ಸನ್ಯಾಸಿ ಜಾನ್ ಕ್ಯಾಸಿಯನ್ನರ ಬೋಧನೆಯಲ್ಲೂ ಇದೆಯೆಂಬುದನ್ನು ಅವರು ಕಂಡುಕೊಂಡದ್ದು ಆಮೇಲೆ. ಪರಿಚಯದ ಪಾಠದಲ್ಲಿ ಇದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿರುವುದು ನನಗೆ ಹಿಡಿಸಿತು.

ಮಕ್ಕಳಿಗೆ ಕೊಡುವ ಪದ 'ಮರನಾಥ'. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಬರುವ ಈ ಅರಮಾಯಿಕ್ ಪದಕ್ಕೆ 'ಪ್ರಭುವೇ, ಬಾ' ಎಂಬ ಅರ್ಥವಿದೆ. ಅದನ್ನು ನಾಲ್ಕು ಅಕ್ಷರಗಳಾಗಿ ಒಂದೇ ತೂಕದಲ್ಲಿ ಹೇಳಿಕೊಳ್ಳಬೇಕೆಂಬುದು ಸೂಚನೆ. ಆ್ಯಪ್‌ನಲ್ಲಿ ಅರ್ಥವನ್ನು ತಿಳಿಸುವುದು ಮಾತ್ರ ಮೂರನೆಯ ಪಾಠದಲ್ಲಿ. ಅಷ್ಟರೊಳಗೆ ಮಗಳು, "ಮರನಾಥ ಅಂದರೆ ಮರಗಳ ನಾಥನಾ?" ಎಂದು ಕೇಳಿಯಾಗಿತ್ತು. ಮರಗಳನ್ನು ಉಂಟುಮಾಡಿದವನೂ ಅವನೇ ಎಂದು ಹೇಳಿ ಆ ದಿನ ಪಾರಾದೆ. ಪದದ ಅರ್ಥ ಮೊದಲ ಪಾಠದಲ್ಲೇ ಬರಬೇಕಿತ್ತು.

ಈ ಆ್ಯಪ್‌ನಲ್ಲಿ ನಿಜಕ್ಕೂ ಒಳ್ಳೆಯದೆಂದರೆ ಆರಂಭದ ಗಂಟೆ. ಲೋಹದ ಬಟ್ಟಲನ್ನು ತಟ್ಟಿದಾಗ ಏಳುವ ನಾದವನ್ನು ಅಡಗುವವರೆಗೂ ಬಿಟ್ಟಿದ್ದಾರೆ, ನಡುವೆ ಕತ್ತರಿಸಿಲ್ಲ. ನಾದ ಕೇಳಿಸದಾದಾಗ ಬೆರಳೆತ್ತಬೇಕೆಂದು ಮಕ್ಕಳಿಗೆ ಹೇಳಿದೆವು. ಮಗ ಬೇಗನೆ ಬೆರಳೆತ್ತಿ ಅಕ್ಕನ ಕಡೆಗೆ ಒಂದು ಕಣ್ಣು ತೆರೆದು ನೋಡುತ್ತಾನೆ. ಅವಳು ತನಗಿನ್ನೂ ಕೇಳಿಸುತ್ತಿದೆಯೆಂದು ತಲೆಯಾಡಿಸುತ್ತಾಳೆ. ಜಗಳ ಅಲ್ಲಿಗೇ ನಿಲ್ಲುವುದುಂಟು, ನಿಲ್ಲದಿರುವುದೂ ಉಂಟು. ಆದರೂ 'ಸುಮ್ಮನೆ ಕೂತ್ಕೋ' ಎಂದು ಹತ್ತು ಸಲ ಹೇಳಿದರೂ ಬಾರದ ಮೌನವನ್ನು ಈ ಅರ್ಧ ನಿಮಿಷದ ಆಲಿಸುವಿಕೆ ತಂದುಕೊಡುತ್ತದೆ.

ಆ ಮೌನವನ್ನು ಕೆಡಿಸುವುದೂ ಇದೇ ಆ್ಯಪ್. ನಾದ ಅಡಗಿದೊಡನೆ ನಿರೂಪಕಿಯ ಧ್ವನಿ ಶುರುವಾಗುತ್ತದೆ: ಭುಜ ಸಡಿಲಿಸಿ, ಉಸಿರನ್ನು ಗಮನಿಸಿ, ಯೇಸು ನಿಮ್ಮ ಪಕ್ಕದಲ್ಲಿ ಕುಳಿತಿದ್ದಾರೆಂದು ಭಾವಿಸಿ. ಒಳಗೆ ಒಂದು ಪದವನ್ನು ಹಿಡಿದುಕೊಳ್ಳಬೇಕಾದ ಮಗು ಹೊರಗಿನ ಇಷ್ಟೊಂದು ಮಾತಿಗೂ ಕಿವಿಗೊಡುವುದು ಹೇಗೆ? ಅಲ್ಲದೆ, ಅದೇ ಧ್ವನಿ ಹೇಳಿಕೊಡುವಂತೆ ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಯೇಸುವಿನ ಶಿಷ್ಯರೊಂದಿಗೆ ತಾನೂ ಇರುವಂತೆ ಬೈಬಲಿನ ಶುಭಸಂದೇಶದ ದೃಶ್ಯವನ್ನು ಕಲ್ಪಿಸಿಕೊಳ್ಳುವುದು 16ನೆಯ ಶತಮಾನದ ಸಂತ ಇಗ್ನೇಷಿಯಸರು ಕಲಿಸಿದ ಬೇರೆಯೇ ಕ್ರಮ. ಒಂದರಲ್ಲಿ ಚಿತ್ರಗಳನ್ನು ಕರೆದು ತಂದುಕೊಳ್ಳುತ್ತೇವೆ, ಇನ್ನೊಂದರಲ್ಲಿ ಬಂದ ಚಿತ್ರಗಳನ್ನೂ ಹೋಗಗೊಡುತ್ತೇವೆ. ಎರಡನ್ನೂ ಒಂದೇ ಕೂರಿಕೆಯಲ್ಲಿ ಬೆರೆಸಿರುವುದು ರೂಪಿಸಿದವರ ದೊಡ್ಡ ತಪ್ಪೆಂದು ನನ್ನ ಅನಿಸಿಕೆ. ದೋಣಿಯ ಕಥೆಯನ್ನು ನಾವು ಭಾನುವಾರಕ್ಕೆ ಎತ್ತಿಟ್ಟು, ಉಳಿದ ದಿನಗಳಲ್ಲಿ ನಿರೂಪಣೆ, ಹಿನ್ನೆಲೆ ಸಂಗೀತ ಎರಡನ್ನೂ ನಿಲ್ಲಿಸಿದ್ದೇವೆ.

ಅವಧಿಯ ವಿಷಯಕ್ಕೆ ಬಂದರೆ, ಮಗುವಿನ ವಯಸ್ಸು ಎಷ್ಟು ವರ್ಷವೋ ಅಷ್ಟು ನಿಮಿಷ ಎಂಬುದು ಈ ಪರಂಪರೆಯಲ್ಲಿ ರೂಢಿಯಲ್ಲಿರುವ ಲೆಕ್ಕ. ದೊಡ್ಡವರಿಗಾದರೆ ಬೆಳಿಗ್ಗೆ ಮತ್ತು ಸಂಜೆ 20ರಿಂದ 30 ನಿಮಿಷ. ಮಕ್ಕಳಿಗೆಂದೇ ಮಾಡಿದ ಈ ಆ್ಯಪ್‌ನಲ್ಲಿ ತೆರೆದೊಡನೆ ಕಾಣುವ ಅತಿ ಚಿಕ್ಕ ಅವಧಿ 10 ನಿಮಿಷ. ಐದು ನಿಮಿಷ ಬೇಕೆಂದರೆ ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕಬೇಕು.

ನಕ್ಷತ್ರಗಳ ಏರ್ಪಾಡನ್ನಂತೂ ಕ್ಷಮಿಸಲಾರೆ. ಒಂದು ದಿನವೂ ತಪ್ಪದೆ ಧ್ಯಾನ ಮಾಡಿದರೆ ದಿನಕ್ಕೊಂದು ನಕ್ಷತ್ರ, ತಪ್ಪಿದರೆ ಎಲ್ಲವೂ ಸೊನ್ನೆ. ಜ್ವರದಲ್ಲಿ ಎರಡು ದಿನ ಮಲಗಿದ್ದ ಮಗಳು ಎದ್ದವಳೇ 19 ನಕ್ಷತ್ರ ಹೋಯಿತೆಂದು ಅತ್ತಳು. ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿ ಗುಟ್ಟಾಗಿ ಪ್ರಾರ್ಥಿಸಬೇಕೆಂದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯ ಹೇಳುತ್ತಿರುವಾಗ, ಅದಕ್ಕೆ ಅಂಕಪಟ್ಟಿ ಏಕೆ ಬೇಕೋ ತಿಳಿಯದು. ಇದನ್ನು ನಿಲ್ಲಿಸುವ ಆಯ್ಕೆ ನನಗೆ ಎಲ್ಲೂ ಸಿಗಲಿಲ್ಲ.

ಚಂದಾ ಮುಗಿದ ಮೇಲೆ ಮತ್ತೆ ಕಟ್ಟುವುದಿಲ್ಲ. ಮೊದಲೆರಡು ವಾರದ ಪಾಠಗಳು ತಂದೆತಾಯಿಗೆ ಉಪಯೋಗಕ್ಕೆ ಬರುತ್ತವೆ. ಅಲ್ಲಿಂದಾಚೆಗೆ ನಾದ ಬೇಗ ಅಡಗದ ಒಂದು ಚಿಕ್ಕ ಗಂಟೆ ಮತ್ತು ಗಡಿಯಾರವಿದ್ದರೆ ಸಾಕು. ಆದರೂ ಕೊಳ್ಳುವವರಿದ್ದರೆ, ಮುಕ್ತಾಯದ ಗಂಟೆಯ ಸದ್ದನ್ನು ಮೊದಲೇ ಅರ್ಧಕ್ಕೆ ಇಳಿಸಿಟ್ಟುಕೊಳ್ಳಿ. ಅದು ಆರಂಭದ ಗಂಟೆಗಿಂತ ಬಹಳ ಜೋರಾಗಿದ್ದು, ಮೊದಲ ದಿನ ನಮ್ಮ ಹುಡುಗ ಬೆಚ್ಚಿಬಿದ್ದು ನನ್ನ ತೊಡೆಯೇರಿ ಕುಳಿತವನು ಮತ್ತೆ ಇಳಿಯಲೇ ಇಲ್ಲ.