ಎಚ್61 ಬೋರ್ಡಿಗೆ ಯಾವ ರ‍್ಯಾಮ್? ಒಂಟಿ 8, 4+8, 8+8 ಹಾಕಿ ನೋಡಿದ್ದು

ನಮ್ಮ ಮನೆಯ ಗೇಮಿಂಗ್ ಪಿಸಿ ಹಳೇದು. ಎಚ್61 ಮದರ್‌ಬೋರ್ಡ್, ಐ5-3470 ಪ್ರೊಸೆಸರ್, ಆಮೇಲೆ ಸೇರಿಸಿದ 4 ಜಿಬಿಯ ಜಿಟಿಎಕ್ಸ್ 1050 ಟಿಐ ಕಾರ್ಡ್. ರ‍್ಯಾಮ್ 4+4, ಒಟ್ಟು 8 ಜಿಬಿ. ಜಿಟಿಎ 5 ಆಡುವಷ್ಟು ದಿನ ಏನೂ ತಕರಾರಿರಲಿಲ್ಲ. ರೆಡ್ ಡೆಡ್ ರಿಡೆಂಪ್ಷನ್ 2 ಹಾಕಿದ ಮೇಲೆ ಶುರುವಾಯಿತು ಕಾಟ. ಅದಕ್ಕೆ ಕನಿಷ್ಠ 8 ಜಿಬಿ ಬೇಕು, 12 ಇದ್ದರೆ ಒಳ್ಳೇದು ಅಂತ ಮಾಡಿದವರೇ ಹೇಳಿದ್ದಾರೆ. ಕುದುರೆ ಊರೊಳಗೆ ಕಾಲಿಟ್ಟರೆ ಸಾಕು, ಚಿತ್ರ ನಿಂತು ನಿಂತು ಓಡುತ್ತಿತ್ತು.

ಈ ಬೋರ್ಡಿನ ಮಿತಿ ಮೊದಲು ಗೊತ್ತಿರಬೇಕು. ರ‍್ಯಾಮ್ ಕೂರಿಸುವ ಸ್ಲಾಟ್ ಎರಡೇ. ಒಂದೊಂದಕ್ಕೆ 8 ಜಿಬಿ, ಒಟ್ಟು 16. ಅದೂ ಡಿಡಿಆರ್3 ಅನ್ನುವ ಹಳೇ ಬಗೆಯ ರ‍್ಯಾಮ್ ಮಾತ್ರ. ನಮ್ಮ ಐ5-3470 ತರಹ ಮೂರನೇ ತಲೆಮಾರಿನ ಪ್ರೊಸೆಸರ್ ಇದ್ದರೆ 1600 ವೇಗ ಸಿಗುತ್ತದೆ, ಎರಡನೇ ತಲೆಮಾರಿನದಿದ್ದರೆ 1333. 1866ರ ಸ್ಟಿಕ್ (ರ‍್ಯಾಮ್ ಪಟ್ಟಿ) ತಂದು ಹಾಕಿದರೂ ನಮ್ಮ ಬೋರ್ಡಿನಲ್ಲಿ 1600ಕ್ಕೇ ಇಳಿಯುತ್ತದೆ. ಆ ಹೆಚ್ಚಿನ ರೊಕ್ಕ ದಂಡ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಕೇಳಿದಾಗ ಸಿಕ್ಕಿದ್ದು ಒಂದೇ ಸಲಹೆ: "ಎರಡೂ 4 ತೆಗೀರಿ ಸರ, ಒಂದ್ 8 ಹಾಕ್ರಿ. ಇನ್ನೊಂದ್ ಸ್ಲಾಟ್ ಖಾಲಿ ಇರ್ಲಿ, ಮುಂದ ನೋಡಾಣು." ಕೇಳೋಕೆ ಚೆನ್ನಾಗಿದೆ. ಅವರ ಸ್ಟಿಕ್ಕನ್ನೇ ಕೈಗಡ ತಂದು ಹಾಕಿ ನೋಡಿದೆ. ಆಟ ಮೊದಲಿಗಿಂತ ಕೆಟ್ಟಿತು! ಜಿಬಿ ಅಷ್ಟೇ ಇದೆ, ಆದರೆ ಪ್ರೊಸೆಸರಿಗೆ ಹೋಗುವ ದಾರಿ, ಅಂದರೆ ಚಾನೆಲ್, ಒಂದು ಕಡಿಮೆಯಾಯಿತಲ್ಲ. 1600ರ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿಬಿ ಸಾಗಿಸುತ್ತದೆ. ಎರಡು ಚಾನೆಲ್‌ನಲ್ಲಿ ಎರಡಿದ್ದರೆ 25.6. ಸುಮ್ನೆ ನಿಂತಾಗ ವ್ಯತ್ಯಾಸ ಕಾಣಲ್ಲ. ಓಡುವಾಗ, ಗುಂಪಿನೊಳಗೆ ನುಗ್ಗುವಾಗ ಹೊಡೆತ ಬೀಳುತ್ತದೆ. ಆಫೀಸಿನ ಟೈಪಿಂಗ್ ಪಿಸಿಗೆ ಈ ಸಲಹೆ ಪರವಾಗಿಲ್ಲ, ಆಟಕ್ಕೆ ಬೇಡ.

ಮುಂದಿನದು 4+8. ಒಂದು 4 ಹಾಗೇ ಇರಲಿ, ಇನ್ನೊಂದರ ಜಾಗಕ್ಕೆ 8. ಬೇರೆ ಬೇರೆ ಗಾತ್ರ ಹಾಕಿದರೆ ಡ್ಯುಯಲ್ ಚಾನೆಲ್ ಕೆಟ್ಟುಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಂಟೆಲ್ ಇದಕ್ಕೆಂದೇ ಫ್ಲೆಕ್ಸ್ ಮೋಡ್ ಕೊಟ್ಟಿದೆ. ಎರಡೂ ಸ್ಟಿಕ್ಕಿನಿಂದ 4-4 ಸೇರಿ 8 ಜಿಬಿ ಎರಡು ಚಾನೆಲ್‌ನಲ್ಲಿ ಓಡುತ್ತದೆ, ಮಿಕ್ಕ 4 ಮಾತ್ರ ಒಂದೇ ಚಾನೆಲ್‌ನಲ್ಲಿ. ಆಡಿ ನೋಡಿದರೆ 4+4ರ ಹಿಡಿತ ಹಾಗೇ ಇತ್ತು, ಊರೊಳಗಿನ ತಡವರಿಕೆ ಮಾತ್ರ ಹೋಗಿತ್ತು. ಒಂದು ಷರತ್ತು: ಎರಡರಲ್ಲಿ ನಿಧಾನದ್ದು ಯಾವುದೋ ಅದರ ವೇಗಕ್ಕೇ ಎರಡೂ ಓಡುತ್ತವೆ. ಹಳೇ ಸ್ಟಿಕ್ 1333 ಆಗಿದ್ದರೆ ಹೊಸ 1600ಕ್ಕೆ ಬೆಲೆ ಇಲ್ಲ.

8+8 ಕೂಡ ಹಾಕಿ ಆಡಿದೆ. ಖರೆ ಹೇಳಬೇಕೆಂದರೆ ಆಟದಲ್ಲಿ 4+8ಕ್ಕೂ ಇದಕ್ಕೂ ವ್ಯತ್ಯಾಸ ಹುಡುಕಬೇಕಾಯಿತು. ಹಿಂದೆ ಬ್ರೌಸರ್ ತುಂಬ ಟ್ಯಾಬ್ ತೆರೆದಿಟ್ಟು, ಆಟ ರೆಕಾರ್ಡ್ ಮಾಡುತ್ತಾ ಆಡಿದರೆ ಆಗ 16ರ ಸುಖ ಗೊತ್ತಾಗುತ್ತದೆ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಾಣುವ 8 ಜಿಬಿ ಸ್ಟಿಕ್‌ಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ರೊಕ್ಕ ಹೋಗುವುದು ಇಲ್ಲೇ. ಗೆಳೆಯನೊಬ್ಬ ತರಿಸಿದ್ದ. ವಿವರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಎಎಂಡಿ ಬೋರ್ಡಿಗೆ ಮಾತ್ರ' ಅಂತಿತ್ತು. ಎಎಂಡಿ ಅಂದರೆ ಇಂಟೆಲ್‌ನ ಎದುರಾಳಿ ಕಂಪನಿ. ನನ್ನ ಇಂಟೆಲ್ ಬೋರ್ಡಿಗೆ ಹಾಕಿದೆವು: ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಕಣ್ಣಿಗೆ ಈ ಸ್ಟಿಕ್ಕೂ ನಮ್ಮ ಬೋರ್ಡಿಗೆ ಕೂಡುವ ಸ್ಟಿಕ್ಕೂ ಒಂದೇ ತರಹ, ಈ ಕಡೆ 8 ಚಿಪ್, ಆ ಕಡೆ 8 ಚಿಪ್. ಬೇರೆಯಾಗಿರುವುದು ಚಿಪ್ಪಿನ ಜೋಡಣೆ. ಇಂಟೆಲ್‌ನ ಈ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 8 ಬಿಟ್ ಅಗಲದ ಚಿಪ್ ಓದುತ್ತವೆ, ಇದರಲ್ಲಿರುವುದು 4 ಬಿಟ್ಟಿನವು. ಹೆಸರಾಂತ ಕಂಪನಿಯ ಸ್ಟಿಕ್ಕಾದರೆ ಲೇಬಲ್ ಮೇಲೆ ಸಾಮಾನ್ಯವಾಗಿ '2ಆರ್×8' ಅಂತಲೂ ಪಕ್ಕದಲ್ಲಿ 'ಪಿಸಿ3-12800ಯು' ಅಂತಲೂ ಇರುತ್ತದೆ. ×8 ಅಂದರೆ 8 ಬಿಟ್ಟಿನ ಚಿಪ್. 12800 ಅಂದರೆ 1600ರ ವೇಗವೇ. ಕೊನೆಯ ಅಕ್ಷರ ನೋಡಲೇಬೇಕು. 'ಯು' ಇದ್ದರೆ ನಮ್ಮದು, 'ಆರ್' ಇದ್ದರೆ ಸರ್ವರಿನದು, ಕೆಲಸಕ್ಕೆ ಬರಲ್ಲ. ಲೇಬಲ್ಲೇ ಇಲ್ಲದ ಸ್ಟಿಕ್ಕನ್ನು ಕೈಯಲ್ಲೂ ಹಿಡಿಯಬೇಡಿ. 'ಪಿಸಿ3ಎಲ್' ಅಂತಿದ್ದರೆ ಹೆದರಬೇಕಿಲ್ಲ. 1.35 ವೋಲ್ಟಿನದು 1.5ರಲ್ಲೂ ಓಡುತ್ತದೆ.

ಕೊನೆಗೆ ಉಳಿಸಿಕೊಂಡಿದ್ದು 4+8. ಆ 8ರ ಸ್ಟಿಕ್ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಸಿಕ್ಕಿದ ಸೆಕೆಂಡ್ ಹ್ಯಾಂಡ್ ಮಾಲು. ಕಲಬುರಗಿಯವರಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆಗಿಂತ ಅದೇ ಹತ್ತಿರ, ರೈಲು ಹತ್ತಿದರಾಯಿತು. ಹೊಸ 8+8 ಜೋಡಿಗೆ ಮನಸ್ಸು ಒಪ್ಪಲಿಲ್ಲ. ಡಿಡಿಆರ್3 ಈಗಿನ ಹೊಸ ಬೋರ್ಡುಗಳಿಗೆ ಕೂರುವುದಿಲ್ಲ, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. ಉಳಿದ ರೊಕ್ಕ ವೇಗದ ಡಿಸ್ಕ್ ಅಂದರೆ ಎಸ್‌ಎಸ್‌ಡಿಗೆ ಹೋಯಿತು. ಎಚ್61ರ ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಜಾಗ) ಹಳೇ 3 ಗಿಗಾಬಿಟ್ಟಿನದು, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗಲ್ಲ. ಆದರೂ ಹಾರ್ಡ್‌ಡಿಸ್ಕ್ ಮುಂದೆ ಅದು ಎಷ್ಟೋ ಮೇಲು. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕಿನ ಕಡೆಗೇ ಓಡುವುದು, ಅಲ್ವಾ? 8 ಜಿಬಿಯಲ್ಲೇ ಇರುವವರು ಮೊದಲು ಇದನ್ನೇ ಮಾಡಿದರೂ ತಪ್ಪಿಲ್ಲ.

ಸ್ಟಿಕ್ ಬದಲಿಸುವಾಗ ಧೂಳು ಒರೆಸಿ. ನಮ್ಮೂರಿನ ಬೇಸಿಗೆಯಲ್ಲಿ ಕ್ಯಾಬಿನೆಟ್ ಒಳಗೆ ಮಣ್ಣೇ ಕೂತಿರುತ್ತದೆ. ಬಂಗಾರದ ಬಣ್ಣದ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಪುಡಿ ಊದಿ, ಸ್ಲಾಟಿನ ತುದಿಯ ಕಿವಿ (ಕ್ಲಿಪ್) ಟಕ್ ಅನ್ನುವವರೆಗೆ ಒತ್ತಿ. ಪಿಸಿಯ ವಿವರ ತೋರಿಸುವ ಸಿಪಿಯು-ಝಡ್‌ನಲ್ಲಿ ಚಾನೆಲ್ ಎದುರಿಗೆ 'ಡ್ಯುಯಲ್' (ಹೊಸ ಆವೃತ್ತಿಯಲ್ಲಿ '2 x 64-bit') ಅಂತ ಬಂದಿದೆಯಾ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಸ್ಟಿಕ್ ವಾಪಸ್. ವಾಪಸ್ ತಗೊಳ್ಳುವ ಮಾತನ್ನು ಮಾತ್ರ ರೊಕ್ಕ ಕೊಡುವ ಮುಂಚೆಯೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.