ಹೈ ನೂನ್ ನೋಡೋದಾ, ರಿಯೋ ಬ್ರಾವೋ ನೋಡೋದಾ?

ಹಳೇ ವೆಸ್ಟರ್ನ್‌ಗಳಲ್ಲಿ (ಅಮೆರಿಕದ ಕೌಬಾಯ್ ಸಿನಿಮಾಗಳಲ್ಲಿ) ಒಂದಕ್ಕೆ ಮಾತ್ರ ಪುರುಸೊತ್ತಿದೆಯಾ? ಒಬ್ಬರೇ ಕೂತು ನೋಡುವುದಾದರೆ ‘ಹೈ ನೂನ್’, ಮನೆಮಂದಿ ಜೊತೆಗಾದರೆ ‘ರಿಯೋ ಬ್ರಾವೋ’.

1952ರ ‘ಹೈ ನೂನ್’ ಕಪ್ಪು-ಬಿಳುಪು ಚಿತ್ರ, ಸುಮಾರು 85 ನಿಮಿಷ. ಮಧ್ಯಾಹ್ನದ ರೈಲಿಗೆ ಕೊಲೆಗಾರ ಬರುತ್ತಿದ್ದಾನೆ. ಊರಿನ ಕಾನೂನು ಕಾಯುವ ಮಾರ್ಷಲ್ ಬಾರಿನಲ್ಲೂ ಚರ್ಚಿನಲ್ಲೂ ನೆರವು ಕೇಳುತ್ತಾನೆ. ಊರಿನವರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಗಡಿಯಾರ ಮತ್ತೆ ಮತ್ತೆ ಕಾಣಿಸುತ್ತದೆ. ಗುಂಡು ಹಾರುವುದು ಕೊನೆಗೆ, ಅಲ್ಲಿವರೆಗೆ ಬರೀ ಓಡಾಟ ಅಂತ ಕೆಲವರಿಗೆ ಬೇಜಾರು. ನನಗೆ ಆ ಓಡಾಟವೇ ಎದೆ ಹಿಂಡಿತು. ಮಾರ್ಷಲ್ ಪಾತ್ರದ ಗ್ಯಾರಿ ಕೂಪರ್ ಮುಖದ ಬೆವರನ್ನು ಹತ್ತಿರದಿಂದ ನೋಡಿ, ಅವರಿಗೆ ಆಸ್ಕರ್ ಸುಮ್ನೆ ಬರಲಿಲ್ಲ ಅಂತ ಗೊತ್ತಾಗುತ್ತೆ.

ಕಾನೂನು ಕಾಯುವವನು ಊರವರ ಮುಂದೆ ಕೈಚಾಚುವುದು ಇನ್ನೊಬ್ಬ ನಿರ್ದೇಶಕ ಹೋವರ್ಡ್ ಹಾಕ್ಸ್‌ಗೂ ನಟ ಜಾನ್ ವೇಯ್ನ್‌ಗೂ ಹಿಡಿಸಲಿಲ್ಲ. ಅವರ ಉತ್ತರವೇ 1959ರ ‘ರಿಯೋ ಬ್ರಾವೋ’. ಬಣ್ಣದ ಚಿತ್ರ, ಎರಡು ಗಂಟೆಗೂ ಜಾಸ್ತಿ. ಇಲ್ಲಿ ಕಾನೂನು ಕಾಯುವವರು ಜೈಲಿನಲ್ಲೇ ಕೂತು ಹಾಡ್ತಾರೆ. ಎಳೆದಿದ್ದಾರೆ ಅನ್ನೋರಿದ್ದಾರೆ, ಗೆಳೆಯರ ಹರಟೆಯಂತಿದೆ ಅನ್ನೋರೂ ಇದ್ದಾರೆ. ಆದರೆ ಶುರುವಿನ ದೃಶ್ಯ ತಪ್ಪಿಸಬೇಡಿ. ಮಾತೇ ಇಲ್ಲ. ಉಗುಳುವ ಪಾತ್ರೆಗೆ ಯಾರೋ ನಾಣ್ಯ ಎಸೆಯುತ್ತಾನೆ. ಕುಡಿತಕ್ಕೆ ಬಿದ್ದವನ ಪಾತ್ರದ ಡೀನ್ ಮಾರ್ಟಿನ್ ಅದಕ್ಕಾಗಿ ಬಗ್ಗುತ್ತಾನೆ.