ಸೊಲೆಂಟ್‌ನಲ್ಲಿ ಎರಡು ದಿನ, ಒಂದು ಸ್ಪಿನೇಕರ್, ಒಂಬತ್ತು ಜನ

ಇಂಗ್ಲೆಂಡಿನ ದಕ್ಷಿಣ ತೀರದ ಸೌತಾಂಪ್ಟನ್‌ಗೆ ಬಂದಮೇಲೆ ಆಫೀಸಿನವರ ಜೊತೆ ಸಂಜೆ ಹೊತ್ತು ಇಲ್ಲಿನ ಸೊಲೆಂಟ್ ಜಲಸಂಧಿಯಲ್ಲಿ ಹಾಯಿದೋಣಿ ರೇಸಿಗೆ ಹೋಗೋದು ಅಭ್ಯಾಸವಾಯಿತು. ನನ್ನ ಕೆಲಸ ಮರಳಿನ ಮೂಟೆಯದ್ದು, ದೋಣಿ ವಾಲದ ಹಾಗೆ ಅಂಚಿನಲ್ಲಿ ಕೂರೋದು, ಅಷ್ಟೇ. ಸ್ಪಿನೇಕರ್ ಏರಿಸುವಾಗ ಮಾತ್ರ 'ನೀನು ಏನೂ ಮುಟ್ಟಬೇಡ' ಅನ್ನುತ್ತಿದ್ದರು. ಅದಕ್ಕೇ ಹ್ಯಾಂಬಲ್ ನದಿ ದಂಡೆಯ ಒಂದು ಶಾಲೆಯಲ್ಲಿ ವಾರಾಂತ್ಯದ ಸ್ಪಿನೇಕರ್ ಕೋರ್ಸಿಗೆ ದುಡ್ಡು ಕಟ್ಟಿದೆ.

ಹಿಂದಿನಿಂದ ಗಾಳಿ ಬೀಸುವಾಗ ದೋಣಿಯ ಮುಂದೆ ಬಲೂನಿನ ಹಾಗೆ ಉಬ್ಬಿ ನಿಲ್ಲುತ್ತದಲ್ಲ, ಆ ತೆಳ್ಳನೆ ನೈಲಾನ್ ಹಾಯಿಯೇ ಸ್ಪಿನೇಕರ್. ಪೋರ್ಟ್ಸ್‌ಮತ್‌ನ 170 ಮೀಟರ್ ಗೋಪುರಕ್ಕೆ ಇದೇ ಆಕಾರ, ಇದೇ ಹೆಸರು. ನಮ್ಮ 40 ಅಡಿ ದೋಣಿಯ ಹಾಯಿ ಬಿಚ್ಚಿ ಹಾಸಿದ್ದರೆ ಹೆಚ್ಚುಕಡಿಮೆ ಬೆಂಗಳೂರಿನ ಒಂದು 30×40 ಸೈಟು ಮುಚ್ಚುತ್ತಿತ್ತು. ಅದನ್ನು ಮೂರು ಮೂಲೆಯಲ್ಲಿ ಹಗ್ಗ ಕಟ್ಟಿ ಹಿಡಿಯಬೇಕು.

ನಿಜವಾದ ಪಾಠ ನಡೆದದ್ದು ಮೇಲೆ ಅಲ್ಲ, ಕ್ಯಾಬಿನ್ ಒಳಗೆ. ಇಳಿಸಿದ ಹಾಯಿ ಒದ್ದೆ ಮುದ್ದೆಯಾಗಿ ಒಳಗೆ ಬಂದು ಬೀಳುತ್ತದೆ, ದೋಣಿ ಹೊಯ್ದಾಡುತ್ತಿರುತ್ತದೆ, ಹೊಟ್ಟೆ ತೊಳೆಸುತ್ತಿರುತ್ತದೆ, ಆ ಸ್ಥಿತಿಯಲ್ಲಿ ಮಂಡಿಯೂರಿ ಕೂತು ಒಂದು ಕಡೆಯ ಕೆಂಪು ಅಂಚು, ಇನ್ನೊಂದು ಕಡೆಯ ಹಸಿರು ಅಂಚು ಎರಡನ್ನೂ ತುದಿಯಿಂದ ತುದಿಗೆ ಕೈಯಲ್ಲಿ ಸವರುತ್ತಾ ಹೋಗಿ, ಎಲ್ಲೂ ತಿರುಚಿಲ್ಲ ಅಂತ ನೋಡಿ ಚೀಲಕ್ಕೆ ತುಂಬಬೇಕು. ಅಮ್ಮ ಸೀರೆ ಮಡಚುವಾಗ ಅಂಚಿಗೆ ಅಂಚು ಹಿಡಿ ಅಂತ ಬೈಯುತ್ತಿದ್ದದ್ದು ನೆನಪಾಯಿತು. ಇಲ್ಲಿ ಒಂದು ತಿರುಚು ಉಳಿದರೂ ಮುಂದಿನ ಸಲ ಹಾಯಿ ಮೇಲೆ ಹೋಗಿ ಡಮರುವಿನ ಹಾಗೆ ನಡು ಬಿಗಿದುಕೊಳ್ಳುತ್ತದೆ. ನನ್ನ ಮೊದಲ ಪ್ಯಾಕಿಂಗ್ ಹಾಗೇ ಆಯಿತು.

ಹೇಳಿಕೊಟ್ಟಾಕೆ ಮಾತ್ರ ಚಿನ್ನ. ಕೂಗಾಟವೇ ಇಲ್ಲ. ಹಗ್ಗ ಬಿಡ್ತಾ ಹೋಗು, ಹಾಯಿಯ ಅಂಚು ಸುರುಳಿಕೊಂಡಿತಾ, ಸ್ವಲ್ಪ ಎಳಿ, ಸರಿಹೋಯಿತಾ, ಮತ್ತೆ ಬಿಡು. ಇಷ್ಟೇ ಮಂತ್ರ. ಆದರೆ ಕಣ್ಣು ಮಿಟುಕಿಸಿದರೆ ಹಾಯಿ ಕುಸಿಯುತ್ತದೆ, ಹತ್ತು ನಿಮಿಷಕ್ಕೆ ಕತ್ತು ಹಿಡಿದುಕೊಳ್ಳುತ್ತದೆ.

ಎರಡನೇ ದಿನ ಕೌಸ್ ಊರಿನ ಎದುರಿಗೆ ಗಾಳಿ ಏಕ್ದಂ ಜಾಸ್ತಿಯಾಯಿತು. ದೋಣಿ ಪೂರ್ತಿ ಒಂದು ಪಕ್ಕಕ್ಕೆ ಮಲಗಿತು, ಚುಕ್ಕಾಣಿ ನೀರಿನಿಂದ ಹೊರಗೆ. ದೊಡ್ಡ ಹಾಯಿಯ ಬುಡದ ಅಡ್ಡ ಕಂಬವಾದ ಬೂಮನ್ನು ಕೆಳಗೆ ಬಿಗಿದಿಡುವ ಕಿಕ್ಕರ್ ಹಗ್ಗ ನನ್ನ ಕೈಯಲ್ಲಿತ್ತು. ಆಕೆ 'ಕಿಕ್ಕರ್' ಅಂದರು, ನಾನು ಬಿಡುವ ಬದಲು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಭಯ ಅಲ್ವಾ! ಪಕ್ಕದವನು ಕಿತ್ತುಕೊಂಡು ಬಿಟ್ಟ, ಇನ್ನೊಬ್ಬ ಹಾಯಿಯ ಶೀಟ್, ಅಂದರೆ ಅದರ ಮೂಲೆಯ ಹಗ್ಗ, ಸಡಿಲಿಸಿದ, ದೋಣಿ ಎದ್ದು ನಿಂತಿತು. ಆಮೇಲೆ ಇಳಿಸುವಾಗ ಮೇಲಿನ ಹಗ್ಗ ಬಿಟ್ಟವನ ಅವಸರ ಒಳಗೆ ಎಳೆಯುವವರ ಕೈಗಿಂತ ಮುಂದೆ ಹೋಯಿತು, ಸೈಟು ಪೂರ್ತಿ ನೀರಿಗೆ. ಇದಕ್ಕೆ ಇಲ್ಲಿ ಸೀಗಡಿ ಹಿಡಿಯೋದು ಅನ್ನುತ್ತಾರೆ. ಸೀಗಡಿ ಒಂದೂ ಸಿಗಲಿಲ್ಲ.

ಈಗ ದೂರು. ಒಂದೇ ದೋಣಿಗೆ ಒಂಬತ್ತು ಜನ ಕಲಿಯುವವರು ಅಂದರೆ ತುಂಬಾ ಆಯಿತು. ಬುಕ್ ಮಾಡುವಾಗ ಆರು ಅಂದಿದ್ದರು. ಅದರಲ್ಲಿ ಇಬ್ಬರು ದೋಣಿಯನ್ನೇ ಹತ್ತಿದವರಲ್ಲ, ಅವರಿಗೆ ಹಗ್ಗ ಎಳೆಯುವ ರಾಟೆ ವಿಂಚ್‌ಗೆ ಹಗ್ಗ ಸುತ್ತೋದು ಹೇಳಿಕೊಡುವುದರಲ್ಲೇ ಶನಿವಾರ ಬೆಳಗ್ಗೆ ಕಳೆಯಿತು. ದೋಣಿಯ ಮೂತಿಯ ಹತ್ತಿರ ನಿಂತು ಸ್ಪಿನೇಕರಿನ ಮೂಲೆಯನ್ನು ಹೊರಗೆ ಚಾಚಿ ಹಿಡಿಯುವ ಪೋಲನ್ನು ಒಂದು ಪಕ್ಕದಿಂದ ಇನ್ನೊಂದಕ್ಕೆ ಬದಲಿಸುವ ಕೆಲಸ ನನಗೆ ಸಿಕ್ಕಿದ್ದು ಒಂದೇ ಒಂದು ಸಲ. ಅದೂ ಅರ್ಧಕ್ಕೆ ನಿಂತಿತು, ಯಾಕೆಂದರೆ ಕಂಟೇನರ್ ಹಡಗು ಬಂತು. 150 ಮೀಟರ್‌ಗಿಂತ ಉದ್ದದ ಹಡಗಿನ ಮುಂದೆ ಒಂದು ಕಿಲೋಮೀಟರ್ ಒಳಗೆ ನಾವು ಹೋಗುವ ಹಾಗಿಲ್ಲ. ಅದು ಶಾಲೆಯ ತಪ್ಪಲ್ಲ ಬಿಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಆ ಮೂರೂವರೆಯೂ ಆಕೆಗೆ. ಹೋಗುವವರು ಒಂದು ದೋಣಿಗೆ ಎಷ್ಟು ಜನ ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಗ್ಲೌಸ್ ನಿಮ್ಮದೇ ಇರಲಿ, ಅವರು ಕೊಟ್ಟದ್ದರಲ್ಲಿ ಎರಡೂ ಎಡಗೈಯವೇ.